ಹುಬ್ಬಳ್ಳಿ–ಮಂಗಳೂರು, ಮುಕ್ಕಾಲು ತಾಸು

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಯಾರನ್ನಾದರೂ ನಿಲ್ಲಿಸಿ, ನಿಮ್ಮ ಮನೆ ಸ್ಟೇಷನ್ನಿನಿಂದ ಎಷ್ಟು ದೂರ ಎಂದು ಕೇಳಿ ನೋಡಿ. ಐದು ನಿಮಿಷ ಎನ್ನುತ್ತಾರೆ. ಸ್ಟೇಷನ್ನಿನ ಎದುರು ಗಲ್ಲಿಯಲ್ಲಿರುವವರಿಗೂ ಐದು ನಿಮಿಷ, ರಿಕ್ಷಾ ಹಿಡಿದು, ರೈಲ್ವೆ ಫಾಟಕ ದಾಟಿ, ಕೊನೆಗೆ ಸೀರೆ ಎತ್ತಿಕೊಂಡು ಕೆಸರಿನಲ್ಲಿ ನಡೆಯಬೇಕಾದವರಿಗೂ ಐದೇ ನಿಮಿಷ. ಬಿಲ್ಡರು ಫ್ಲ್ಯಾಟು ಮಾರುವಾಗ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಿದ ಆ ಐದು ನಿಮಿಷವನ್ನು ಕೊಂಡವರು ಫ್ಲ್ಯಾಟಿನ ಜೊತೆಗೆ ತಮ್ಮದಾಗಿ ಮಾಡಿಕೊಂಡಿದ್ದಾರೆ. ನಮ್ಮದೂ ಐದು ನಿಮಿಷದ ಮನೆಯೇ. ನಮ್ಮಪ್ಪ ಆ ಐದು ನಿಮಿಷವನ್ನು ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ ನಡೆದು ಮುಗಿಸುತ್ತಿದ್ದರು.

ಕಿಲೋಮೀಟರು ಎಂಬ ಅಳತೆ ನಮ್ಮಲ್ಲಿ ಶಾಲೆಯ ಪರೀಕ್ಷೆಗೆ ಮಾತ್ರ. ಉಳಿದದ್ದೆಲ್ಲ ಗಾಡಿಯ, ಅಂದರೆ ಲೋಕಲ್ ರೈಲಿನ ಲೆಕ್ಕ. ಸಂಜೆಯಾದರೆ ಅಮ್ಮ ಗಡಿಯಾರ ನೋಡಿ, "ಅಪ್ಪನ ಗಾಡಿ ಮುಂಬ್ರಾ ದಾಟಿರಬೇಕು" ಎಂದು ಒಲೆಯ ಮೇಲೆ ಹಂಚು ಇಡುತ್ತಿದ್ದಳು. ಎಷ್ಟೋ ವರ್ಷ ನಾನು ಮುಂಬ್ರಾ ಎಂದರೆ ಒಂದು ಊರಲ್ಲ, ಚಪಾತಿ ಬೇಯಿಸಲು ಶುರುಮಾಡುವ ಹೊತ್ತು ಎಂದೇ ತಿಳಿದಿದ್ದೆ. ಹಂಚು ಕಾಯುವ ವಾಸನೆ ಬಂದರೆ ನನ್ನ ಕಣ್ಣಿಗೆ ಈಗಲೂ ಮುಂಬ್ರಾದ ಗುಡ್ಡ ಕಾಣುತ್ತದೆ. ಅಲ್ಲಿ ಇಳಿಯಬೇಕಾದ ಪ್ರಸಂಗ ನನಗೆ ಇಂದಿಗೂ ಬಂದಿಲ್ಲ.

ಇದೆಲ್ಲ ಯಾಕೆ ನೆನಪಾಯಿತೆಂದರೆ, ಮೊನ್ನೆ ಫೋನಿನಲ್ಲಿ ಏನನ್ನೋ ಹುಡುಕಲು ಹೋದಾಗ, ಕೇಳದೇ ಒಂದು ಪುಟ ತೆರೆದುಕೊಂಡಿತು. ಯಾವುದೋ ಎರಡು ಊರುಗಳ ವಿಮಾನ ನಿಲ್ದಾಣಗಳ ನಡುವೆ ದೂರ ಇಷ್ಟು, ಹಾರಲು ಹಿಡಿಯುವ ಸಮಯ ಇಷ್ಟು ಎಂದು ಹೇಳುವ ಪುಟ. ಬೇರೆಯವರಾಗಿದ್ದರೆ ಒರೆಸಿ ಮುಂದೆ ಹೋಗುತ್ತಿದ್ದರು. ನಾನು ಕೈಮುಗಿಯುವುದೊಂದು ಬಾಕಿ. ನನ್ನ ಮದುವೆ ನಡೆದದ್ದೇ ಇಂಥದೊಂದು ಪುಟದ ದಯೆಯಿಂದ.

ನಾನಾಗ ರಬಾಳೆಯ ಒಂದು ಕಂಪನಿಯಲ್ಲಿ ಲೆಕ್ಕಪತ್ರದ ವಿಭಾಗದಲ್ಲಿದ್ದೆ. ನಾನು ಮೆಚ್ಚಿದ ಸುಧೀರ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಕಂಪ್ಯೂಟರುಗಳ ಮಧ್ಯೆ ಇದ್ದ. ಥಾಣೆಯಲ್ಲಿ ಅವನ ತಂದೆಯದೊಂದು ಸಸ್ಯಾಹಾರಿ ಹೋಟೆಲು, ಮೂಲ ಉಡುಪಿಯ ಕಡೆ. ನಮ್ಮದು ಹುಬ್ಬಳ್ಳಿ. ಎರಡು ಮನೆಗಳ ನಡುವೆ ಇದ್ದದ್ದು ಒಂದು ಫಾಸ್ಟ್ ಲೋಕಲ್, ಅಷ್ಟೆ. ಆದರೆ ನೀವು ಮುಂಬಯಿ ಕಡೆಯ ಕನ್ನಡಿಗರಾದರೆ ನಿಮಗೆ ಗೊತ್ತಿರುತ್ತದೆ, ನಮ್ಮಲ್ಲಿ ಸಂಬಂಧ ಕೂಡಿಸುವಾಗ ನಾವಿರುವ ಮನೆಗಳನ್ನು ಯಾರೂ ಅಳೆಯುವುದಿಲ್ಲ. ಮೂವತ್ತು ವರ್ಷದ ಹಿಂದೆ ಬಿಟ್ಟುಬಂದ ಊರಿನಿಂದ ಮೂವತ್ತು ವರ್ಷದ ಹಿಂದೆ ಬಿಟ್ಟುಬಂದ ಇನ್ನೊಂದು ಊರಿಗೆ ಟೇಪು ಹಿಡಿಯುತ್ತಾರೆ. ಹುಡುಗಿ ಡೊಂಬಿವಲಿಯಲ್ಲಿ ಹುಟ್ಟಿ, ಹುಡುಗ ಥಾಣೆಯಲ್ಲಿ ಬೆಳೆದು, ಇಬ್ಬರೂ ಮಾತಿನ ಭರದಲ್ಲಿ ಹಿಂದಿಗೆ ಜಾರುವವರಾದರೂ, ಹುಬ್ಬಳ್ಳಿಯಿಂದ ಉಡುಪಿ ದೂರವಾಯಿತು ಎಂದು ಹಿರಿಯರು ನಿಟ್ಟುಸಿರು ಬಿಡುತ್ತಾರೆ.

ನಮ್ಮ ಮನೆಯಲ್ಲಿ ಆ ನಿಟ್ಟುಸಿರು ಬಿಟ್ಟವಳು ಅಜ್ಜಿ, ಅಮ್ಮನ ತಾಯಿ. ಹುಬ್ಬಳ್ಳಿಯಲ್ಲಿ ನಮ್ಮ ಮಾಮನ ಮನೆಯಲ್ಲಿದ್ದಳು. ಮಾಮನ ಮನೆ ಎಂದರೂ ಯಜಮಾನಿಕೆ ಅಜ್ಜಿಯದೇ. "ಘಟ್ಟದ ಕೆಳಗ ಹೆಣ್ಣು ಕೊಡೂದಿಲ್ಲ. ಒಂದು ಕೊಟ್ಟದ್ದು ಸಾಕು" ಎಂದು ಫೋನಿನಲ್ಲೇ ತೀರ್ಪು ಕೊಟ್ಟಳು. ಕೊಟ್ಟ ಆ ಒಂದು ಹೆಣ್ಣು ಅಜ್ಜಿಯ ಅಕ್ಕ. ನಾವು ದೊಡ್ಡಜ್ಜಿ ಎನ್ನುತ್ತಿದ್ದೆವು.

ದೊಡ್ಡಜ್ಜಿಯ ಕತೆಯನ್ನು ಪ್ರತಿ ಬೇಸಿಗೆ ರಜೆಯಲ್ಲೂ ನಾನು ಕೇಳಿದ್ದೆ. ಹುಬ್ಬಳ್ಳಿಗೆ ಹೋದ ಎರಡನೇ ದಿನ, ಅಜ್ಜಿ ನನ್ನ ತಲೆಗೆ ಎಣ್ಣೆ ತಟ್ಟುವಾಗ ಅದು ಶುರುವಾಗುತ್ತಿತ್ತು. ಎಣ್ಣೆ ಕಿವಿಗೆ ಇಳಿಯುವ ಹೊತ್ತಿಗೆ ದೊಡ್ಡಜ್ಜಿಗೆ ಕುಂದಾಪುರದ ಹತ್ತಿರದ ಊರಿನವರೊಂದಿಗೆ ಮದುವೆಯಾಗಿರುತ್ತಿತ್ತು. ಗಂಡುಮಕ್ಕಳಿಲ್ಲದ ಮನೆ. ಅಕ್ಕ ಹೋದ ಮೇಲೆ ತಂಗಿಗೆ ಮನೆಯಳಿಯನನ್ನು ತಂದರು. ಅಪ್ಪ ಅವ್ವ ಇರುವವರೆಗೆ ದೊಡ್ಡಜ್ಜಿಯನ್ನು ತವರಿಗೆ ಕರೆತರಲು ಯಾರಾದರೂ ಹೋಗುತ್ತಿದ್ದರು. ಅವರು ತೀರಿಕೊಂಡ ಮೇಲೆ ತವರು ಎಂದರೆ ತಂಗಿಯೇ. ತಂಗಿ ಬಂದು ಕರೆದರೆ ಬರುತ್ತೇನೆ ಎಂದು ದೊಡ್ಡಜ್ಜಿ ಪಟ್ಟು ಹಿಡಿದಳು. ನಮ್ಮಜ್ಜ ಒಮ್ಮೆ ಹೋಗಿ ಕರೆದಿದ್ದರಂತೆ. ಚೆನ್ನಾಗಿ ಊಟ ಹಾಕಿ, ಹಪ್ಪಳದ ಕಟ್ಟು ಕೊಟ್ಟು, ಬರಿಗೈಲಿ ಅಲ್ಲವಾದರೂ ಒಬ್ಬರನ್ನೇ ವಾಪಸ್ ಕಳಿಸಿದ್ದಳು.

ಇತ್ತ ಅಜ್ಜಿಯ ಕಷ್ಟ ಬೇರೆ. ಆಕೆಗೆ ಘಟ್ಟದ ತಿರುವು ಕಂಡರೆ ಹೊಟ್ಟೆ ತೊಳಸುತ್ತಿತ್ತು. ಕುಂದಾಪುರಕ್ಕೆ ನೇರ ರೈಲಿಲ್ಲ; ಬಸ್ಸಾಗಲಿ, ಕಾರಾಗಲಿ, ರಸ್ತೆಯ ಯಾವ ಗಾಲಿಯೂ ಆಕೆಯನ್ನು ಘಟ್ಟ ಇಳಿಸಲಿಲ್ಲ. ಒಮ್ಮೆ ಅಕ್ಕನ ಮಗಳ ಮದುವೆಗೆಂದು ಹೊರಟು, ಯಲ್ಲಾಪುರಕ್ಕೆ ಬರುವಷ್ಟರಲ್ಲಿ ಅರ್ಧ ಸತ್ತು, ಅರಬೈಲು ಘಟ್ಟದ ಎರಡನೇ ತಿರುವಿನಲ್ಲಿ ಡ್ರೈವರನಿಗೆ ಕೈಮುಗಿದು ಬಸ್ಸು ನಿಲ್ಲಿಸಿ ಇಳಿದುಬಿಟ್ಟಳು. ಎದುರಿನಿಂದ ಮೇಲೆ ಬರುತ್ತಿದ್ದ ಬಸ್ಸು ಹತ್ತಿ, ರೇಷ್ಮೆ ಸೀರೆ ಉಟ್ಟುಕೊಂಡೇ ಹುಬ್ಬಳ್ಳಿಗೆ ವಾಪಸ್. ಅಲ್ಲಿಗೆ ಅಕ್ಕ ತಂಗಿಯರ ಭೇಟಿ ಭಾನುವಾರದ ಫೋನಿಗೆ ಇಳಿಯಿತು. ಅಜ್ಜಿ ಹುಬ್ಬಳ್ಳಿಯಿಂದ ಕೂಗಿದರೆ ಫೋನಿಲ್ಲದೆಯೂ ಕುಂದಾಪುರಕ್ಕೆ ಕೇಳಿಸುತ್ತದೆ ಎಂದು ಮಾಮ ತಮಾಷೆ ಮಾಡುತ್ತಿದ್ದ. ಫೋನಿಟ್ಟ ಮೇಲೆ ಅಜ್ಜಿ ಬೇಳೆಯ ಮೊರ ಹಿಡಿದು, ಆರಿಸಿದ್ದನ್ನೇ ಮತ್ತೆ ಆರಿಸುತ್ತಿದ್ದಳು. ಆ ಹೊತ್ತಿನಲ್ಲಿ ನಾವು ಮಕ್ಕಳು ಏನು ಕೇಳಿದರೂ ಸಿಗುತ್ತಿತ್ತು ಎಂಬುದನ್ನು ನಾನು ಬೇಗ ಕಂಡುಕೊಂಡಿದ್ದೆ.

ಇಂಥ ಅಜ್ಜಿಯನ್ನು ಒಪ್ಪಿಸಲು, ತಿರುವು ಕಾಣದ ರಾತ್ರಿ ರೈಲಿನಲ್ಲಿ ಮಲಗಿಸಿ ಡೊಂಬಿವಲಿಗೆ ಕರೆಸಿಕೊಂಡೆವು. ಥಾಣೆಯಿಂದ ಸುಧೀರನ ಜೊತೆ ಅವನ ತಂದೆ ಬಂದರು. ಈಗ ನನ್ನ ಮಾವನವರು. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಕೂತು ಎದುರಿಗಿರುವವರಿಗೆ ಏನು ಬೇಕು ಎಂದು ಮುಖ ನೋಡಿಯೇ ತಿಳಿಯುವವರು. ಅವರು ಒಂದು ದೊಡ್ಡ ಡಬ್ಬಿ ಬಾದಾಮಿ ಹಲ್ವ ತಂದಿದ್ದರು. ಅಜ್ಜಿ ಹಲ್ವವನ್ನು ಮುಟ್ಟಲಿಲ್ಲ. ದೂರದ ಮಾತು ತೆಗೆದಳು.

ಮಾವ ಅದಕ್ಕೂ ತಯಾರಾಗಿಯೇ ಬಂದಿದ್ದರು. ಹೋಟೆಲಿನ ಬಿಲ್ಲಿಗೆಂದು ಹೊಸದಾಗಿ ಒಂದು ಕಂಪ್ಯೂಟರು ಕೊಂಡಿದ್ದರು. ಅದರಲ್ಲಿ ಬಿಲ್ಲು ಬಿಟ್ಟು ಉಳಿದೆಲ್ಲವನ್ನೂ ನೋಡುತ್ತಿದ್ದರು. ಹಾಗೆ ನೋಡುವಾಗ ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಮಂಗಳೂರು ವಿಮಾನ ನಿಲ್ದಾಣಕ್ಕೆ ಇನ್ನೂರ ಅರವತ್ತು ಚಿಲ್ಲರೆ ಕಿಲೋಮೀಟರು, ಹಾರುವ ಸಮಯ ಮುಕ್ಕಾಲು ಗಂಟೆ ಎಂದು ಕಣ್ಣಿಗೆ ಬಿದ್ದಿತ್ತು. ಅದನ್ನು ಅವರು ಹೊಸ ತಿಂಡಿಯ ಹೆಸರು ಹೇಳುವ ಉತ್ಸಾಹದಲ್ಲಿ ಹೇಳಿದರು.

ಅಜ್ಜಿ ಕೂತಲ್ಲೇ ಮುಂದಕ್ಕೆ ಬಾಗಿದಳು. "ನಡುವ ಘಟ್ಟ ಬರೂದಿಲ್ಲೇನ್ರಿ?"

"ವಿಮಾನಕ್ಕೆ ಘಟ್ಟ ಎಂತದು ಅಮ್ಮ? ಮೇಲಿಂದಲೇ ಹೋಗುದಲ್ವಾ. ನಮಗೆ ಥಾಣೆಯಿಂದ ಸಿಎಸ್‌ಟಿಗೆ ಲೋಕಲ್ಲಲ್ಲಿ ಹೋಗ್ಲಿಕ್ಕೆ ಅಷ್ಟು ಹೊತ್ತು ಬೇಕು. ಅದೂ ನಿಂತುಕೊಂಡು."

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅಲ್ಲಿಯವರೆಗೆ ಆಕೆ ಮಾವನನ್ನು ಯಾವ ಹೆಸರಿನಿಂದಲೂ ಕರೆದಿರಲಿಲ್ಲ. "ಮುಕ್ಕಾಲು ತಾಸಿನ್ಯಾಗ ಅಕ್ಕನ್ನ ಕರಿಯಾಕ ಹೋಗಬಹುದಂದ್ರ ನಾ ಯಾಕ ಬ್ಯಾಡ ಅನ್ಲಿ ಬೀಗರ?" ಎಂದಳು. ಬೀಗರು ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಅಮ್ಮ ಸಕ್ಕರೆ ತರಲು ಒಳಗೆ ಓಡಿದಳು. ಸುಧೀರ ನನ್ನತ್ತ ನೋಡಿ ನಕ್ಕ. ವಿಮಾನ ಕಂಡುಹಿಡಿದವರಿಗೆ ನಾನು ಮನಸ್ಸಿನಲ್ಲೇ ನಮಸ್ಕಾರ ಹೇಳಿದೆ.

ಮದುವೆ ಆಯಿತು. ಬಂದ ನೆಂಟರೆಲ್ಲ ಹೋದ ಮೇಲೆ, ಅಜ್ಜಿಗೆ ಕೊಟ್ಟ ಮಾತಿನಂತೆ ಟಿಕೇಟು ತೆಗೆಸಲು ಸುಧೀರ ಕಂಪ್ಯೂಟರಿನ ಮುಂದೆ ಕೂತ. ಆ ದಿನಾಂಕಕ್ಕೆ ವಿಮಾನವಿಲ್ಲ. ಮರುದಿನಕ್ಕೂ ಇಲ್ಲ. ಯಾವ ದಿನಕ್ಕೂ ಇಲ್ಲ. ಹುಬ್ಬಳ್ಳಿಯಲ್ಲಿ ನಿಲ್ದಾಣವಿತ್ತು, ಮಂಗಳೂರಿನಲ್ಲೂ ಇತ್ತು. ಒಂದರಿಂದ ಇನ್ನೊಂದಕ್ಕೆ ಹಾರುವ ವಿಮಾನ ಮಾತ್ರ ಇರಲಿಲ್ಲ. ಮಾವ ನೋಡಿದ ಪುಟ ಭೂಪಟದ ಮೇಲೆ ನೇರ ಗೆರೆ ಎಳೆದು, ವಿಮಾನದ ವೇಗದಿಂದ ಭಾಗಿಸಿ ಉತ್ತರ ಹೇಳುತ್ತಿತ್ತು, ಅಷ್ಟೇ. ನಮ್ಮ ಅಡುಗೆಮನೆಯಿಂದ ಬಚ್ಚಲಿಗೆ ಎಷ್ಟು ಹೊತ್ತು ಎಂದು ಕೇಳಿದರೂ ಹೇಳುತ್ತದೆ ಎಂದ ಸುಧೀರ.

ಮಾವ ನಂಬಲಿಲ್ಲ. ಟೈಮು ಕೊಟ್ಟಿದ್ದಾರೆ ಎಂದ ಮೇಲೆ ಗಾಡಿ ಇರಲೇಬೇಕು ಎಂಬುದು ಅವರ ವಾದ. ಮೂವತ್ತು ವರ್ಷ ಪ್ಲ್ಯಾಟ್‌ಫಾರಮ್ಮಿನ ಇಂಡಿಕೇಟರು ನೋಡಿ ಬದುಕಿದವರಿಗೆ ಬೇರೆ ಥರ ಯೋಚಿಸುವುದು ಕಷ್ಟ. ಗಾಡಿ ತಡವಾಗಬಹುದು, ರದ್ದಾಗಬಹುದು, ಕಳವಾ ಸ್ಟೇಷನ್ನಿನ ಬಳಿ ಸಿಗ್ನಲ್ಲು ಸಿಗದೆ ನಿಲ್ಲಬಹುದು. ಆದರೆ ಇಲ್ಲದ ಗಾಡಿಗೆ ಯಾರಾದರೂ ಟೈಮು ಕೊಡುತ್ತಾರೆಯೇ? ಹುಬ್ಬಳ್ಳಿ-ಮಂಗಳೂರು ವಿಮಾನ ಇವತ್ತು ಸ್ವಲ್ಪ ಲೇಟು ಎಂಬಂತೆ ಅವರು ಒಂದು ವಾರ ಕಾದರು. ಆಮೇಲೆ ತಲೆ ಮೇಲೆ ಕೈ ಹೊತ್ತು ಕೂತರು.

ಅಜ್ಜಿಗೆ ಹೇಳುವವರು ಯಾರು? ನೀನೇ ಹೇಳು ಎಂದು ಅಮ್ಮ ನನಗೆ ಹೇಳಿದಳು, ನೀನೇ ಹೇಳು ಎಂದು ನಾನು ಮಾಮನಿಗೆ ಹೇಳಿದೆ, ಮಾಮ ಆ ದಿನ ತನಗೆ ಬ್ಯಾಂಕಿನಲ್ಲಿ ಕೆಲಸವಿದೆ ಎಂದ. ಹೀಗೆ ನಮ್ಮ ಎರಡೂ ಕುಟುಂಬ ಸೇರಿ ಒಂದು ಇಲ್ಲದ ವಿಮಾನವನ್ನು ವರ್ಷಗಟ್ಟಲೆ ನಡೆಸಿಕೊಂಡು ಹೋದೆವು. ದಸರೆಗೆ ಅಜ್ಜಿ ಕೇಳಿದಾಗ ಸೀಟೆಲ್ಲ ಭರ್ತಿಯಾಗಿತ್ತು. ಸಂಕ್ರಾಂತಿಗೆ ಮಂಜು. ಮಳೆಗಾಲದಲ್ಲಿ ಮಂಗಳೂರಿನ ನಿಲ್ದಾಣವಿರುವ ಬಜ್ಪೆಯ ಗುಡ್ಡದ ಮೇಲೆ ಇಳಿಯಲು ಕಷ್ಟ. ಬೇಸಿಗೆಯಲ್ಲಿ ಏನು ಹೇಳುವುದೆಂದು ತಿಳಿಯದೆ ಅಮ್ಮ ವಿಮಾನ ರಿಪೇರಿಗೆ ಹೋಗಿದೆ ಎಂದಳು. ಯಾವ ಗ್ಯಾರೇಜು ಅಷ್ಟು ದಿನ ಇಟ್ಟುಕೊಳ್ಳುತ್ತದೆ ಎಂದು ಅಜ್ಜಿ ಕೇಳಿದ್ದಕ್ಕೆ ಅಮ್ಮ ಕುಕ್ಕರು ಕೂಗುತ್ತಿದೆ ಎಂದು ಫೋನಿಟ್ಟಳು.

ನಗುತ್ತಿದ್ದೆವು, ನಿಜ. ಆದರೆ ಒಂದು ಸಲ ಹುಬ್ಬಳ್ಳಿಗೆ ಹೋದಾಗ ನನ್ನ ನಗು ನಿಂತಿತು. ಸಂಜೆ ಅಂಗಳದಲ್ಲಿ ಕೂತಿದ್ದೆವು. ಮೇಲೆ ಒಂದು ಸಣ್ಣ ವಿಮಾನ ಹೋಯಿತು. ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ಅದು ಮರೆಯಾಗುವವರೆಗೂ ನೋಡಿ, ಪಕ್ಕದ ಮನೆಯಾಕೆಗೆ ಅದೇ ಮಂಗಳೂರಿನ ವಿಮಾನ ಎಂದು ತೋರಿಸಿದಳು. ಅದು ಮುಂಬಯಿಗೆ ಹೋಗುವ ವಿಮಾನ. ಒಳಗೆ ಕಪಾಟಿನಲ್ಲಿ, ಅಕ್ಕನನ್ನು ಕರೆಯಲು ಹೋಗುವಾಗ ಕೊಡಬೇಕೆಂದು ತಂದ ಇಳಕಲ್ ಸೀರೆ ಮಡಿಚಿಟ್ಟ ಹಾಗೇ ಇತ್ತು. ಹೇಳಿಬಿಡಬೇಕು ಎಂದುಕೊಂಡೆ. ಆದರೆ ಚಹಾ ಮಾಡುತ್ತೇನೆಂದು ಎದ್ದು ಒಳಗೆ ಹೋದೆ. ನನ್ನ ಸಂಸಾರ ಕೂತಿರುವುದೇ ಆ ವಿಮಾನದ ಮೇಲೆ ಎಂದು ಸಂಕಟವಾಯಿತು.

ಅದಾದ ಮೇಲೆ ನನಗೆ ಮಗಳು ಹುಟ್ಟಿದಳು. ಉಡುಪಿ ಹತ್ತಿರದ ಮೂಲ ಮನೆಯಲ್ಲಿ, ಮಾವನ ಅಣ್ಣನ ಸಂಸಾರ ಇರುವಲ್ಲಿ, ನಾಮಕರಣ ಎಂದು ನಿಶ್ಚಯವಾಯಿತು. ಕುಂದಾಪುರ ಅಲ್ಲಿಂದ ಹತ್ತಿರ. ದೊಡ್ಡಜ್ಜಿ ಬರುತ್ತಾಳೆ ಎಂದು ತಿಳಿದ ಅಜ್ಜಿ ಈ ಸಲ ವಿಮಾನ ಇದೆಯೇ ಎಂದು ಕೇಳಲಿಲ್ಲ. ಚೀಲ ಕಟ್ಟಿಟ್ಟಿದ್ದೇನೆ, ವಿಮಾನ ಯಾವ ವಾರ ಎಂದಷ್ಟೇ ಹೇಳಿ ಕಳಿಸಿದಳು. ಎಪ್ಪತ್ತು ದಾಟಿದ ಅಜ್ಜಿ, ಆಕೆಗಿಂತ ದೊಡ್ಡ ದೊಡ್ಡಜ್ಜಿ. ಇನ್ನೊಂದು ನೆಪ ಹೇಳಿದರೆ ಅದೇ ಕೊನೆಯ ನೆಪವಾಗಬಹುದು ಎಂದು ನಮಗೆಲ್ಲ ಗೊತ್ತಿತ್ತು.

"ನಾನು ಹೇಳಿದ ವಿಮಾನ ಅಲ್ವಾ, ನಾನೇ ಹಾರಿಸ್ತೇನೆ" ಎಂದರು ಮಾವ.

ಅವರು ಕಂಡುಹಿಡಿದ ದಾರಿ ನಮ್ಮ ಕಡೆಯವರಿಗೆ ಮಾತ್ರ ಹೊಳೆಯುವಂಥದ್ದು. ಥಾಣೆಯಿಂದ ವಾಶಿಗೆ ನೇರ ರೈಲು ಇಲ್ಲದ ಕಾಲದಲ್ಲಿ ನಾವೆಲ್ಲ ಏನು ಮಾಡುತ್ತಿದ್ದೆವು? ಎದುರಿಗೇ, ಖಾಡಿಯ ಹಿನ್ನೀರಿನಾಚೆ ವಾಶಿ ಇದ್ದರೂ ಅದಕ್ಕೆ ಬೆನ್ನು ಹಾಕಿ ಕುರ್ಲಾಕ್ಕೆ ಹೋಗಿ, ಸೇತುವೆ ಹತ್ತಿ ಇಳಿದು, ಇನ್ನೊಂದು ಗಾಡಿ ಹಿಡಿದು ವಾಪಸ್ ಬರುತ್ತಿದ್ದೆವು. ಇದು ಸುತ್ತು ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ, ಅದೇ ದಾರಿ. ಹಾಗೆಯೇ ಹುಬ್ಬಳ್ಳಿಯಿಂದ ಮುಂಬಯಿಗೆ ವಿಮಾನ ಉಂಟು, ಮುಂಬಯಿಯಿಂದ ಮಂಗಳೂರಿಗೂ ಉಂಟು. ಕುರ್ಲಾದಲ್ಲಿ ಬದಲಿಸಿದ ಹಾಗೆ ಬದಲಿಸಿದರಾಯಿತು. ದಕ್ಷಿಣಕ್ಕೆ ಹೋಗಬೇಕಾದ ಮುದುಕಿಯನ್ನು ಮೊದಲು ಉತ್ತರಕ್ಕೆ ಹಾರಿಸಿ ಆಮೇಲೆ ಅದರ ಒಂದೂವರೆ ಪಟ್ಟು ಕೆಳಕ್ಕೆ ಇಳಿಸುವ ಈ ಯೋಜನೆಯನ್ನು ಕೇಳಿ ನಾವ್ಯಾರೂ ನಗಲಿಲ್ಲ. ಡೊಂಬಿವಲಿಯ ಜನ ನಾವು, ನಮಗದು ಸರಿಯಾಗಿಯೇ ಕಂಡಿತು.

ನಾವೆಲ್ಲ ಮಗುವಿನೊಂದಿಗೆ ರೈಲಿನಲ್ಲಿ ಉಡುಪಿಗೆ ಹೋದೆವು. ಮಾವ ಹುಬ್ಬಳ್ಳಿಗೆ ಹೋಗಿ ಅಜ್ಜಿಯನ್ನು ಕರೆದುಕೊಂಡು ವಿಮಾನ ಹತ್ತಿದರು. ಅವರಿಗೂ ಅದು ಮೊದಲ ವಿಮಾನ ಎಂಬುದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಹತ್ತಿ ಕೂತವರೇ ಅಭ್ಯಾಸಬಲದಿಂದ ಕಿಟಕಿ ಬಳಿ ಕೂತವನನ್ನು, ನೀವು ಎಲ್ಲಿ ಇಳಿಯುತ್ತೀರಿ ಎಂದು ಕೇಳಿದರಂತೆ. ಲೋಕಲ್ಲಿನಲ್ಲಿ ಹಾಗೆ ಕೇಳಿ ಸೀಟು ಕಾದಿರಿಸುವುದು ನಮ್ಮ ರೂಢಿ. ಆತ ಪಾಪ, ಮುಂಬಯಿ ಎಂದ. ನಡುವೆ ಆ ಸೀಟು ಸಿಗುವುದಿಲ್ಲ ಎಂದು ಮಾವ ಬೇಸರ ಮಾಡಿಕೊಂಡರು. ಆದರೂ ಅವನು ಅಜ್ಜಿಯನ್ನು ನೋಡಿ ಕಿಟಕಿ ಬಿಟ್ಟುಕೊಟ್ಟ. ಇಳಿಯುವ ಮೊದಲು ಕೆಳಗೆ ಖಾಡಿ, ಮುಂಬ್ರಾದ ಗುಡ್ಡ, ಥಾಣೆಯ ಕಟ್ಟಡಗಳು ಕಂಡವು. ಮನೆಯ ಮೇಲಿಂದಲೇ ಹಾರಿಸುತ್ತಾರೆ, ಇಳಿಯಲು ಬಿಡುವುದಿಲ್ಲ ಎಂದು ಮಾವನಿಗೆ ಸಿಟ್ಟು. ಗಾಡಿ ನಿಲ್ಲುವ ಮೊದಲೇ ಬಾಗಿಲ ಬಳಿ ಹೋಗಿ ನಿಲ್ಲಬೇಕೆಂದು ಎದ್ದವರನ್ನು ಗಗನಸಖಿ ಬಂದು ಎರಡು ಸಲ ಕೂರಿಸಿದಳಂತೆ.

ಮುಂಬಯಿಯಲ್ಲಿ ಇಳಿದು, ಮುಂದಿನ ವಿಮಾನಕ್ಕೆ ಮಧ್ಯಾಹ್ನವೆಲ್ಲ ಕಾಯಬೇಕಾಯಿತು. ಮಂಗಳೂರಿಗೆ ಹೋಗಲು ಮುಂಬಯಿಗೆ ಯಾಕೆ ಬಂದೆವು ಎಂದು ಅಜ್ಜಿ ಕೇಳಿದಳು. ಮಾವ ಕುರ್ಲಾದ ಉದಾಹರಣೆಯನ್ನು ವಿವರವಾಗಿ ಕೊಟ್ಟರು. ಕುರ್ಲಾ ಗೊತ್ತಿಲ್ಲದ ಅಜ್ಜಿ ಎಲ್ಲ ಕೇಳಿಸಿಕೊಂಡು, ಚೀಲದಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಬೀಗರಿಗೆ ಬಡಿಸಿದಳು. ಬೆಳಿಗ್ಗೆ ಹುಬ್ಬಳ್ಳಿ ಬಿಟ್ಟವರು ಉಡುಪಿಯ ಮನೆಯ ಮುಂದೆ ಟ್ಯಾಕ್ಸಿಯಿಂದ ಇಳಿದಾಗ ಸಂಜೆಯ ದೀಪ ಹಚ್ಚಿಯಾಗಿತ್ತು. ಅಜ್ಜಿಗೆ ಒಂದೇ ಒಂದು ಸಲವೂ ಹೊಟ್ಟೆ ತೊಳಸಿರಲಿಲ್ಲ.

ದೊಡ್ಡಜ್ಜಿ ಮಧ್ಯಾಹ್ನವೇ ಬಂದು ಜಗಲಿಯ ಕುರ್ಚಿಯಲ್ಲಿ ಕೂತಿದ್ದಳು. ಎದ್ದು ನಿಂತು, ತಂಗಿಯನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಈಗ ಬಪ್ಪುಕೆ ಪುರ್ಸೊತ್ತ್ ಆಯ್ತಾ ನಿಂಗೆ?" ಎಂದಳು.

ಯಾರಿಗೂ ಮಾತಿನಲ್ಲಿ ಸೋಲದ ಅಜ್ಜಿ ಚೀಲ ಕೆಳಗಿಟ್ಟಳು. ಅಕ್ಕನ ಕೈ ಹಿಡಿದು ಚಿಕ್ಕ ಹುಡುಗಿಯ ಹಾಗೆ ಅತ್ತಳು. ಮಗು ಎತ್ತಿಕೊಂಡು ಬಾಗಿಲಲ್ಲಿದ್ದ ನನಗೂ ತಡೆಯಲಾಗಲಿಲ್ಲ. ಮಾವ ಟ್ಯಾಕ್ಸಿಯವನ ಜೊತೆ ಏನೋ ಮಾತಿದೆ ಎಂಬಂತೆ ಗೇಟಿನ ಕಡೆ ಹೋದರು.

ಮರುದಿನ ನಾಮಕರಣ. ತೊಟ್ಟಿಲ ಸುತ್ತ ಎಲ್ಲರೂ ಇದ್ದರು, ಅವರಿಬ್ಬರನ್ನು ಬಿಟ್ಟು. ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಒಬ್ಬಳು ಹುಬ್ಬಳ್ಳಿಯ ಮಾತಿನಲ್ಲಿ, ಇನ್ನೊಬ್ಬಳು ಕುಂದಾಪುರದ ಮಾತಿನಲ್ಲಿ, ಒಬ್ಬರ ಮಾತು ಮುಗಿಯಲು ಇನ್ನೊಬ್ಬರು ಬಿಡದೆ ಹರಟುತ್ತಿದ್ದರು. ಇಳಕಲ್ ಸೀರೆ ದೊಡ್ಡಜ್ಜಿಯ ಮೈಮೇಲಿತ್ತು. ಇಷ್ಟು ದೂರ ನಾಮಕರಣಕ್ಕೆಂದೇ ಬಂದ ಅಜ್ಜಿ ಊಟದ ಹೊತ್ತಿಗೆ ಒಳಗೆ ಬಂದು, ಕೂಸಿಗೆ ಏನು ಹೆಸರಿಟ್ಟಿರಿ ಎಂದು ನನ್ನನ್ನೇ ಕೇಳಿದಳು.

ಹೊರಡುವ ದಿನ ಬಂತು. ಮಾವ ಮತ್ತೆ ಮುಂಬಯಿಯಲ್ಲಿ ಬದಲಿಸುವ ಟಿಕೇಟು ಮೊದಲೇ ತೆಗೆಸಿಟ್ಟಿದ್ದರು. ಅದನ್ನು ಹೊರಗೆ ತೆಗೆದಾಗ ಅಜ್ಜಿ ಬೇಡವೆಂದು ಕೈ ಅಡ್ಡ ಹಿಡಿದಳು.

"ಬಸ್ಸಿಂದು ತಗಸ್ರಿ ಬೀಗರ. ಎರಡು. ಅಕ್ಕ ನನ್ನ ಜೋಡಿ ತವರುಮನಿಗೆ ಬರ್ತಾಳ. ನಿಮ್ಮ ವಿಮಾನ ಮಾತು ಶುರು ಮಾಡೂದ್ರಾಗ ಇಳಿಸಿಬಿಡ್ತದ. ನಮಗ ಮಾತಾಡೂದು ಇನ್ನೂ ಭಾಳ ಅದ."

ದೊಡ್ಡಜ್ಜಿ ಆಗಲೇ ಚಪ್ಪಲಿ ಹಾಕಿಕೊಂಡು ಜಗಲಿಯ ಅಂಚಿನಲ್ಲಿ ನಿಂತಿದ್ದಳು. ಮಾವ ಅವಳತ್ತ ನೋಡಿದರು, ಅಜ್ಜಿಯತ್ತ ನೋಡಿದರು. "ಅಮ್ಮ, ಬಸ್ಸಲ್ಲಿ ಘಟ್ಟ ಉಂಟಲ್ಲ. ನಿಮಗೆ ವಾಂತಿ ಆಗ್ತದೆ" ಎಂದರು.

"ಆದ್ರ ಆಗ್ಲಿ ಬಿಡ್ರಿ. ಹಣಿ ಹಿಡ್ಯಾಕ ಅಕ್ಕ ಇರ್ತಾಳ."